25 ಇದ್ದದ್ದು 33 ಆಯಿತು: ಇದು ಜಾಹೀರಾತಿನ ಗುಣವೋ, ಚೀಟಿ ಎತ್ತಿದ ಆಟವೋ?

ಪ್ರಶ್ನೆ: ಬಾಗಲಕೋಟೆ ನವನಗರದಲ್ಲಿ ನಾವು ಹನ್ನೊಂದು ಹೆಣ್ಣುಮಕ್ಕಳು ಸೇರಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಪುಡಿ, ಕಡಕ್ ರೊಟ್ಟಿ ಮಾಡಿ ಪ್ಯಾಕೆಟ್‌ನಲ್ಲಿ ಮಾರುತ್ತೇವೆ. ಡಿಸೆಂಬರ್ ಮತ್ತು ಜನವರಿಯಲ್ಲಿ 1,80,000 ರೂಪಾಯಿ ಖರ್ಚು ಮಾಡಿ ಜಾಹೀರಾತು ಕೊಟ್ಟೆವು. ಬಸ್ಸಿನ ಹಿಂದೆ ಬೋರ್ಡು, ಗೋಡೆ ಬರಹ, ಲೋಕಲ್ ಕೇಬಲ್, ಮೊಬೈಲಿನಲ್ಲಿ ನಾಲ್ಕು ರೀಲ್ಸ್. ಅದಕ್ಕೆ ಮುಂಚೆ, ನವೆಂಬರಿನಲ್ಲಿ, ನವನಗರ ಮತ್ತು ವಿದ್ಯಾಗಿರಿಯಲ್ಲಿ 200 ಜನರನ್ನು ಕೇಳಿಸಿದ್ದೆವು. 50 ಜನ ನಮ್ಮ ಹೆಸರು ಗೊತ್ತು ಎಂದರು. ಫೆಬ್ರುವರಿಯಲ್ಲಿ ಅದೇ ಕಡೆ ಬೇರೆ 200 ಜನರನ್ನು ಕೇಳಿಸಿದೆವು. 66 ಜನ ಗೊತ್ತು ಎಂದರು. ಏಜೆನ್ಸಿಯವರು 'ಶೇ. 32 ಏರಿಕೆ, ಪಿ-ವ್ಯಾಲ್ಯೂ 0.039, ಜಾಹೀರಾತು ಗೆದ್ದಿದೆ, ಇನ್ನೊಂದು ಲಕ್ಷ ಹಾಕಿ' ಎನ್ನುತ್ತಾರೆ. ಎಂಬಿಎ ಓದುವ ನನ್ನ ತಂಗಿಯ ಮಗ 'ಪಿ-ವ್ಯಾಲ್ಯೂ 0.078, ಜಾಹೀರಾತು ಸೋತಿದೆ' ಎನ್ನುತ್ತಾನೆ. ಯಾರನ್ನು ನಂಬಲಿ? ಸರ್ವೆ ಮಾಡಿದವರು ಕಾಲೇಜು ಹುಡುಗರು. ಮೊದಲ ಸಲ ಹೆಸರು ಓದಿ ಕೇಳಿದ್ದರು. ಎರಡನೇ ಸಲ ಮೊಬೈಲಿನಲ್ಲಿ ಪ್ಯಾಕೆಟ್ ಫೋಟೊನೂ ತೋರಿಸಿದ್ದರಿಂದ ಕೆಲಸ ಬೇಗ ಮುಗಿಯಿತಂತೆ. ಜನವರಿಯಲ್ಲಿ ಬನಶಂಕರಿ ಜಾತ್ರೆಯಲ್ಲಿ ನಮ್ಮದೊಂದು ಅಂಗಡಿಯೂ ಇತ್ತು.

ಉತ್ತರ: ಇಬ್ಬರ ಲೆಕ್ಕವೂ ಸರಿ ಇದೆ. ಇಬ್ಬರ ತೀರ್ಮಾನವೂ ತಪ್ಪು. ಇನ್ನೊಂದು ಲಕ್ಷ ಈಗಲೇ ಕೊಡಬೇಡಿ. ಹಾಗಂತ ಹಿಂದಿನ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಕೂರಲೂಬೇಡಿ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ.

ಅಂದಹಾಗೆ, ನಿಮ್ಮ ಬ್ರ್ಯಾಂಡಿನ ಹೆಸರನ್ನು ಪತ್ರದಿಂದ ನಾನೇ ತೆಗೆದಿದ್ದೇನೆ. ಇದನ್ನು ಬಾಗಲಕೋಟೆಯವರೂ ಓದುತ್ತಾರೆ, ಅಲ್ವಾ? ಇಲ್ಲಿ ಹೆಸರು ಓದಿದವರು ನಾಳೆ ನಿಮ್ಮ ಸರ್ವೆಗೆ ಸಿಕ್ಕರೆ 'ಹೌದ್ರೀ, ಗೊತ್ತೈತಿ' ಎಂದುಬಿಡುತ್ತಾರೆ. ಅದು ಬಸ್ಸಿನ ಬೋರ್ಡಿನ ಖಾತೆಗೆ ಹೋಗುತ್ತದೆ.

ಮೊದಲು ಆ ಶೇ. 32ರ ವಿಷಯ ಮುಗಿಸೋಣ. ಮೊದಲು ನೂರಕ್ಕೆ 25 ಜನರಿಗೆ ಗೊತ್ತಿತ್ತು, ಈಗ 33 ಜನರಿಗೆ ಗೊತ್ತು. ಅಂದರೆ ನೂರು ಜನರಲ್ಲಿ ಹೊಸದಾಗಿ ಎಂಟು ಜನ. ಎಂಟನ್ನು 25ರಿಂದ ಭಾಗಿಸಿದರೆ ಶೇ. 32 ಬರುತ್ತದೆ. ಸುಳ್ಳಲ್ಲ. ಆದರೆ ಹಣ ಕೊಟ್ಟವರು ಕೇಳಬೇಕಾದ ಅಂಕಿ ಎಂಟು. ಹಣ ತೆಗೆದುಕೊಂಡವರು ಹೇಳುವ ಅಂಕಿ ಮೂವತ್ತೆರಡು. ಇದರಲ್ಲಿ ಜಗಳ ಆಡುವಂಥದ್ದು ಏನೂ ಇಲ್ಲ.

ಈಗ ಪಿ-ವ್ಯಾಲ್ಯೂ. ಇದನ್ನು ಸೂತ್ರದಿಂದ ಹೇಳಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ನಾನು ವಿಜಯಪುರದಲ್ಲಿ ಹುಡುಗರಿಗೆ ಪಾಠ ಮಾಡುವಾಗ ಚೀಟಿ ಆಟ ಆಡಿಸುತ್ತೇನೆ. ನಿಮ್ಮಲ್ಲಿ ರೊಟ್ಟಿ ಬುಟ್ಟಿ ಇದ್ದೇ ಇರುತ್ತದೆ. ಒಂದನ್ನು ಖಾಲಿ ಮಾಡಿ.

400 ಚೀಟಿ ಬರೆಯಿರಿ. ನಿಮ್ಮ ಎರಡೂ ಸರ್ವೆಯಲ್ಲಿ ಸೇರಿ 'ಗೊತ್ತು' ಎಂದವರು 116. ಹಾಗಾಗಿ 116 ಚೀಟಿಯ ಮೇಲೆ 'ಗೊತ್ತು' ಎಂದು ಬರೆಯಿರಿ. ಉಳಿದ 284ರ ಮೇಲೆ 'ಗೊತ್ತಿಲ್ಲ'. ಬುಟ್ಟಿಗೆ ಹಾಕಿ ಚೆನ್ನಾಗಿ ಕಲಸಿ. ಕಣ್ಣು ಮುಚ್ಚಿ 200 ತೆಗೆದು ಈ ಕಡೆ ಇಡಿ, ಅದು ನವೆಂಬರ್ ಎನ್ನಿ. ಉಳಿದ 200 ಫೆಬ್ರುವರಿ. ಇಲ್ಲಿ ಜಾಹೀರಾತು ಇಲ್ಲವೇ ಇಲ್ಲ. ಬುಟ್ಟಿಗೆ ಯಾವ ರೀಲ್ಸೂ ಗೊತ್ತಿಲ್ಲ. ಆದರೂ ಎರಡು ರಾಶಿಯಲ್ಲಿ 58, 58 ಅಂತ ಸಮನಾಗಿ ಬರುವುದು ಅಪರೂಪ. ಒಮ್ಮೆ 55-61 ಬರುತ್ತದೆ, ಒಮ್ಮೆ 60-56, ಒಮ್ಮೆ 53-63. ಜಾಹೀರಾತು ಏನೂ ಮಾಡದಿದ್ದರೂ ಎರಡು ಸರ್ವೆಯ ನಡುವೆ ಇಷ್ಟು ಏರುಪೇರು ಇದ್ದೇ ಇರುತ್ತದೆ.

'ಜಾಹೀರಾತು ಏನೂ ಮಾಡಿಲ್ಲ, ವ್ಯತ್ಯಾಸ ಬರೀ ಚೀಟಿ ಎತ್ತಿದ ಆಟ' ಎಂಬ ಮಾತಿಗೆ ಶೂನ್ಯ ಊಹೆ ಎನ್ನುತ್ತಾರೆ. ಪಠ್ಯಪುಸ್ತಕದಲ್ಲಿ ಶೂನ್ಯ ಪ್ರಾಕ್ಕಲ್ಪನೆ ಅಂತ ಭಾರದ ಹೆಸರಿದೆ, ನಮಗೆ ಬೇಡ. ಈ ಊಹೆ ನಿಜ ಅಂತ ಒಪ್ಪಿಕೊಂಡು ಆಟ ಆಡಿದರೆ, ಫೆಬ್ರುವರಿ ರಾಶಿಯಲ್ಲಿ 66 ಅಥವಾ ಅದಕ್ಕಿಂತ ಜಾಸ್ತಿ 'ಗೊತ್ತು' ಎಷ್ಟು ಸಲ ಬರುತ್ತದೆ? ಬುಟ್ಟಿ ಆಟದಲ್ಲಿ ನೂರಕ್ಕೆ ಸುಮಾರು 5 ಸಲ. ಇದೇ ಪಿ-ವ್ಯಾಲ್ಯೂ. ಇದರಲ್ಲಿ ಮಂತ್ರ ಏನೂ ಇಲ್ಲ.

ಏಜೆನ್ಸಿಯವರಿಗೆ 5ರ ಬದಲು 3.9, ಅಂದರೆ 0.039, ಹೇಗೆ ಬಂತು? ಅವರು ಬುಟ್ಟಿ ಹಿಡಿಯದೆ ಜೆಡ್ ಸೂತ್ರ ಹಾಕಿದ್ದಾರೆ. ಎರಡೂ ಸರ್ವೆಯ ಒಟ್ಟು ಪ್ರಮಾಣ 0.29. ಅದರಿಂದ ಲೆಕ್ಕ ಹಾಕಿದರೆ ಎರಡು ಸರ್ವೆಯ ನಡುವೆ ಸಹಜವಾಗಿ ಬರುವ ಏರುಪೇರಿನ ಅಳತೆ 0.0454. ನಿಮ್ಮ ವ್ಯತ್ಯಾಸ 0.08. ಭಾಗಿಸಿದರೆ ಜೆಡ್ 1.76. ಟೇಬಲ್ ನೋಡಿದರೆ 0.039. ಸೂತ್ರ ಒಂದು ಅಂದಾಜು, ಬುಟ್ಟಿ ಪೂರ್ತಿ ಲೆಕ್ಕ. ಅದಕ್ಕೇ ಸ್ವಲ್ಪ ಹೆಚ್ಚುಕಮ್ಮಿ. ಈ ಸೂತ್ರಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ಆರ್. ರಾವ್ 1948ರಲ್ಲಿ ಸ್ಕೋರ್ ಪರೀಕ್ಷೆ ಎಂಬ ದೊಡ್ಡ ವಿಧಾನ ಕೊಟ್ಟರು. ಏಜೆನ್ಸಿಯವರೂ ನಿಮ್ಮ ತಂಗಿಯ ಮಗನೂ ಹಾಕಿದ ಈ ಜೆಡ್ ಲೆಕ್ಕವನ್ನು ಆ ಮನೆತನದ ಒಂದು ಸಣ್ಣ ಕುಡಿ ಎನ್ನಬಹುದು.

ಹುಡುಗನಿಗೆ ಅದರ ಎರಡರಷ್ಟು, 0.078, ಬರಲು ಕಾರಣ ಬೇರೆ. ಅವನು ಎರಡೂ ಕಡೆ ನೋಡಿದ್ದಾನೆ. 'ಫೆಬ್ರುವರಿ ಜಾಸ್ತಿ ಬರುವುದು' ಅಷ್ಟೇ ಅಲ್ಲ, 'ನವೆಂಬರ್ ಅಷ್ಟೇ ಜಾಸ್ತಿ ಬರುವುದು' ಕೂಡ ಲೆಕ್ಕಕ್ಕೆ ಹಿಡಿದಿದ್ದಾನೆ. ಏಜೆನ್ಸಿ ಒಂದೇ ಕಡೆ ನೋಡಿದೆ. ಯಾವುದು ಸರಿ?

ಜಾಹೀರಾತಿನಿಂದ ಹೆಸರು ಮರೆತು ಹೋಗುತ್ತದೆಯೇ ಎಂದು ನೀವು ನಗಬಹುದು. ಆದರೆ ಕೆಲವೊಮ್ಮೆ ನಿಮ್ಮ ಜಾಹೀರಾತು ನೋಡಿದವರ ತಲೆಯಲ್ಲಿ ಅದಾಗಲೇ ದೊಡ್ಡದಾದ ಇನ್ನೊಂದು ಹೆಸರು ಕೂರುತ್ತದೆ. ಕರದಂಟು ಅಂದ ಕೂಡಲೇ ಯಾರ ಜಾಹೀರಾತೇ ಇರಲಿ ನಮ್ಮವರ ಬಾಯಿಗೆ ಗೋಕಾಕ, ಅಮೀನಗಡ ಅಂತಲೇ ಬರುವುದಿಲ್ಲವೇ? ಹಾಗೆ. ಆದರೂ ನನ್ನ ಅಭಿಪ್ರಾಯ ಕೇಳಿದರೆ, ಗುರುತು ಹಿಡಿಯುವ ವಿಷಯದಲ್ಲಿ ಒಂದೇ ಕಡೆ ನೋಡುವುದು ದೊಡ್ಡ ತಪ್ಪಲ್ಲ. ಒಂದೇ ಷರತ್ತು: ಅದನ್ನು ನವೆಂಬರಿನಲ್ಲೇ ಕಾಗದದ ಮೇಲೆ ಬರೆದಿಟ್ಟಿರಬೇಕು. ಅಂಕಿ ಕೈಗೆ ಬಂದ ಮೇಲೆ, 0.078 ನೋಡಿ, ಆಮೇಲೆ 'ನಮ್ಮದು ಒಂದೇ ಕಡೆಯ ಪರೀಕ್ಷೆ' ಎಂದರೆ ತೆರಬಂಡಿ ಸ್ಪರ್ಧೆ ಮುಗಿದ ಮೇಲೆ 'ನಾ ಈ ಜೋಡಿ ಎತ್ತೇ ಗೆಲ್ತಾವ ಅಂದಿದ್ದೆ' ಅನ್ನುವವರ ಹಾಗೆ. ಏಜೆನ್ಸಿಯವರನ್ನು ಕೇಳಿ: ಸರ್ವೆಗೆ ಮುಂಚೆ ಇದನ್ನು ಬರೆದ ಕಾಗದ ಇದೆಯೇ?

ಇದ್ದರೂ ಇಲ್ಲದಿದ್ದರೂ ನಾನು ಹೇಳುವುದು ಬೇರೆ. ಒಂದೇ 50, ಒಂದೇ 66. ಅದರಿಂದ ನೂರಕ್ಕೆ 4 ಬರಿಸಬಹುದು, 5 ಬರಿಸಬಹುದು, 8 ಬರಿಸಬಹುದು, ಬುಟ್ಟಿ ಆಟದಲ್ಲಿ ಎರಡೂ ಕಡೆ ನೋಡಿದರೆ 10 ಕೂಡ. ಇಷ್ಟು ಅಲ್ಲಾಡುವ ಅಂಕಿಯನ್ನು ಹಿಡಿದು 5ರ ಗೆರೆಯ ಈಚೆ ಗೆಲುವು, ಆಚೆ ಸೋಲು ಎಂದು ಕೂಗುವುದು ಏನು ಚೆಂದ? ಆ 5 ದೇವರು ಕೊಟ್ಟ ಗೆರೆ ಅಲ್ಲ. ರೊನಾಲ್ಡ್ ಫಿಶರ್ ಎಂಬ ಇಂಗ್ಲಿಷ್ ವಿಜ್ಞಾನಿ 1920ರ ದಶಕದಲ್ಲಿ 'ಇಷ್ಟು ಇಟ್ಟುಕೊಂಡರೆ ಅನುಕೂಲ' ಎಂದದ್ದು. ಅದು ಹಾಗೇ ಶಾಸ್ತ್ರ ಆಗಿಬಿಟ್ಟಿತು.

ಹುಡುಗನ ತಪ್ಪು ಇನ್ನೂ ಮುಖ್ಯ, ಯಾಕೆಂದರೆ ಓದಿದವರೇ ಇದನ್ನು ಜಾಸ್ತಿ ಮಾಡುತ್ತಾರೆ. 0.078 ಅಂದರೆ ಜಾಹೀರಾತು ಸೋತಿದೆ ಅಂತ ಅಲ್ಲ. ಕಳ್ಳ ಸಿಗಲಿಲ್ಲ ಅಂದ ಮಾತ್ರಕ್ಕೆ ಕಳವೇ ಆಗಿಲ್ಲ ಅಂತ ಆಗುತ್ತದೆಯೇ? ಹುಡುಕಿದವರ ಕೈಯಲ್ಲಿ ಎಂಥ ಬ್ಯಾಟರಿ ಇತ್ತು ನೋಡಬೇಕು. ನಿಮ್ಮ ಬ್ಯಾಟರಿ ಸಣ್ಣದು. ಜಾಹೀರಾತು ನಿಜವಾಗಿಯೂ 25ರಿಂದ 33ಕ್ಕೆ ಏರಿಸಿದೆ ಎಂದೇ ಇಟ್ಟುಕೊಳ್ಳಿ. 200, 200 ಜನರ ಸರ್ವೆಯನ್ನು ನೂರು ಸಲ ಮಾಡಿದರೆ, ಎರಡು ಕಡೆಯ ಪರೀಕ್ಷೆ ಅದನ್ನು ಹಿಡಿಯುವುದು ಸುಮಾರು 42 ಸಲ. ಉಳಿದ 58 ಸಲ 'ಸಾಕ್ಷಿ ಸಾಲದು' ಎಂದು ಬಾಗಿಲು ಹಾಕುತ್ತದೆ. ನೂರಕ್ಕೆ 80 ಸಲ ಹಿಡಿಯಬೇಕು ಎಂದರೆ ಪ್ರತಿ ಸುತ್ತಿಗೂ 500 ಜನ ಬೇಕು. ಏರಿಕೆ ಎಂಟರ ಬದಲು ಐದೇ ಇದ್ದರೆ 1,250 ಜನ. ಏರಿಕೆ ಸಣ್ಣದಾದಷ್ಟೂ ಜನ ಜಾಸ್ತಿ ಬೇಕು, ಅದೂ ವರ್ಗದ ಲೆಕ್ಕದಲ್ಲಿ. ಏರಿಕೆ ಅರ್ಧ ಆದರೆ ಜನ ಹೆಚ್ಚುಕಡಿಮೆ ನಾಲ್ಕು ಪಟ್ಟು.

ಅದಕ್ಕೇ ನಾನು ಪಿ-ವ್ಯಾಲ್ಯೂಗಿಂತ ಅಂತರದ ಲೆಕ್ಕವನ್ನು, ಅಂದರೆ ನಿಜವಾದ ಏರಿಕೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂಬ ಲೆಕ್ಕವನ್ನು, ಮೆಚ್ಚುತ್ತೇನೆ. ನಿಮ್ಮ ಅಂಕಿಗಳಿಗೆ ಹೊಂದುವ ಏರಿಕೆ ಎಂದರೆ ಸುಮಾರು ಮೈನಸ್ 1ರಿಂದ ಪ್ಲಸ್ 17ರವರೆಗೆ. ಇದನ್ನು ರೂಪಾಯಿಗೆ ಇಳಿಸೋಣ. ಬಾಗಲಕೋಟೆ ನಗರದಲ್ಲಿ ಮಕ್ಕಳನ್ನು ಬಿಟ್ಟು 70 ಸಾವಿರ ಜನ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಏರಿಕೆ ನಿಜವಾಗಿ 8 ಇದ್ದರೆ ಹೊಸದಾಗಿ 5,600 ಜನರಿಗೆ ಗೊತ್ತಾಯಿತು, ತಲೆಗೆ 32 ರೂಪಾಯಿ ಬಿತ್ತು. 17 ಇದ್ದರೆ ತಲೆಗೆ 15 ರೂಪಾಯಿ. ಬರೀ 1 ಇದ್ದರೆ 257 ರೂಪಾಯಿ. ಒಂದು ಪ್ಯಾಕೆಟ್ ಶೇಂಗಾ ಚಟ್ನಿಯಲ್ಲಿ ನಿಮಗೆ ಎಷ್ಟು ಉಳಿಯುತ್ತದೆ ಎಂದು ನಿಮಗೇ ಗೊತ್ತು. 15 ರೂಪಾಯಿ ಆದರೆ ಲಾಭ, 257 ಆದರೆ ಮನೆ ಹಾಳು. ನಿಮ್ಮ ಸರ್ವೆ ಈ ಎರಡರ ನಡುವೆ ಎಲ್ಲಿದ್ದೀರಿ ಎಂದು ಹೇಳುತ್ತಿಲ್ಲ. ಅಷ್ಟೇ ಅದರ ತಾಕತ್ತು.

ಇಷ್ಟೆಲ್ಲ ಬರೆದೆ. ಆದರೆ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು 0.039ರ ಮೇಲೂ ಅಲ್ಲ, 0.078ರ ಮೇಲೂ ಅಲ್ಲ. ಕೊನೆಯಲ್ಲಿ ಸುಮ್ನೆ ಸೇರಿಸಿದ ಹಾಗೆ ಇರುವ ಆ ಸಾಲಿನ ಮೇಲೆ: ಎರಡನೇ ಸಲ ಪ್ಯಾಕೆಟ್ ಫೋಟೊ ತೋರಿಸಿದರು.

ಇದರಿಂದ ಹೋಲಿಕೆಯೇ ಕೆಟ್ಟಿತು. ಹೆಸರು ಕೇಳಿ ನೆನಪು ಮಾಡಿಕೊಳ್ಳುವುದು ಒಂದು ಕೆಲಸ. ಪ್ಯಾಕೆಟ್ ನೋಡಿ 'ಇದನ್ನ ಎಲ್ಲೋ ನೋಡೇನಿ' ಅನ್ನುವುದು ಇನ್ನೊಂದು ಕೆಲಸ, ಅದಕ್ಕಿಂತ ಸುಲಭ. ಕಿರಾಣಿ ಅಂಗಡಿಯಲ್ಲಿ ಜೋತುಬಿದ್ದ ಪ್ಯಾಕೆಟ್ಟು ದಿನಾ ಕಣ್ಣಿಗೆ ಬೀಳುತ್ತದೆ, ಅದರ ಹೆಸರನ್ನು ಯಾರು ಓದುತ್ತಾರೆ? ನವೆಂಬರಿನಲ್ಲೇ ಫೋಟೊ ತೋರಿಸಿದ್ದರೆ 50ರ ಬದಲು 66 ಬರುತ್ತಿತ್ತೋ ಏನೋ. ಚೀಟಿ ಬುಟ್ಟಿ ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ಬರೀ ಅದೃಷ್ಟದಿಂದ ಇಷ್ಟು ವ್ಯತ್ಯಾಸ ಬರುವುದು ಎಷ್ಟು ಅಪರೂಪ. ಅದೃಷ್ಟದ್ದಲ್ಲ ಎಂದಾದರೆ ಅದು ಬಸ್ಸಿನ ಬೋರ್ಡಿನದೋ, ಫೋಟೊದ್ದೋ, ಜಾತ್ರೆಯದೋ ಎಂದು ಹೇಳುವುದು ಅದರ ಕೈಯಲ್ಲಿಲ್ಲ. ಪಿ-ವ್ಯಾಲ್ಯೂ 0.0001 ಬಂದಿದ್ದರೂ ಇದೇ ಮಾತು.

ಬನಶಂಕರಿ ಜಾತ್ರೆಯೂ ಸಣ್ಣದಲ್ಲ. ಬನದ ಹುಣ್ಣಿಮೆಗೆ ಶುರುವಾದರೆ ನಾಟಕ ಕಂಪನಿಗಳ ಡೇರೆ ವಾರಗಟ್ಟಲೆ ಇರುತ್ತದೆ, ಬಾಗಲಕೋಟೆಯ ಅರ್ಧ ಊರು ಒಮ್ಮೆಯಾದರೂ ಹೋಗಿ ಬಂದಿರುತ್ತದೆ. ಅಲ್ಲಿ ರೊಟ್ಟಿ-ಚಟ್ನಿ ತಿನ್ನದೆ ಬರುವವರು ಯಾರು? ನಿಮ್ಮ ಅಂಗಡಿಯಲ್ಲಿ ಕೊಂಡವರು ಫೆಬ್ರುವರಿಯಲ್ಲಿ ವಿದ್ಯಾಗಿರಿಯಲ್ಲಿ 'ಗೊತ್ತು' ಎಂದರೆ ಅದರಲ್ಲಿ ಏಜೆನ್ಸಿಯ ಪಾಲು ಎಷ್ಟು? ಜಾತ್ರೆಯ ಅಂಗಡಿಗೆ 1,80,000 ಖರ್ಚಾಗಿಲ್ಲ ಎಂದು ನನ್ನ ಅಂದಾಜು.

ಇನ್ನೊಂದು ಸಂಗತಿ ನಮ್ಮ ಜನರ ಒಳ್ಳೆಯತನದ್ದು. ಕಾಲೇಜು ಹುಡುಗರು ಬಿಸಿಲಲ್ಲಿ ಕಾಗದ ಹಿಡಿದು ನಿಂತಿರುತ್ತಾರೆ. 'ಪಾಪ, ಹೂಂ ಅಂದ್ರ ಏನ್ ಹೋಗ್ತೈತಿ' ಎಂದು ಹೂಂ ಅನ್ನುವವರು ನಮ್ಮ ಕಡೆ ಜಾಸ್ತಿ. ಹುಡುಗರು ಸಿದ್ಧಪಡಿಸಿದ ಹೆಸರುಗಳ ಪಟ್ಟಿಗೆ, ಲೋಕದಲ್ಲಿ ಎಲ್ಲೂ ಇಲ್ಲದ, ನೀವೇ ಹುಟ್ಟಿಸಿದ ಒಂದು ಹೆಸರು ಸೇರಿಸಿ. ಚಟ್ನಿ ಬ್ರ್ಯಾಂಡಿನ ಹಾಗೇ ಕೇಳಿಸಬೇಕು. ಅದನ್ನೂ ನೂರಕ್ಕೆ ಹತ್ತು ಹನ್ನೆರಡು ಜನ 'ಗೊತ್ತು' ಎಂದರೆ ಆಶ್ಚರ್ಯ ಪಡಬೇಡಿ. ಆ ಅಂಕಿ ಎರಡೂ ಸುತ್ತಿನಲ್ಲಿ ಒಂದೇ ಇದ್ದರೆ ಚಿಂತೆ ಇಲ್ಲ. ಆದರೆ ಇಲ್ಲದ ಹೆಸರಿಗೆ ಮೊದಲ ಸಲ 12, ಎರಡನೇ ಸಲ 19 ಬಂತು ಎನ್ನಿ. ಆಗ ನಿಮ್ಮ ಎಂಟು ಅಂಶದಲ್ಲಿ ಏಳು ಬರೀ ಮರ್ಯಾದೆಯ ಹೂಂ ಇರಬಹುದು. ಎರಡನೇ ಸಲದ ಹುಡುಗರು ನಗುಮುಖದವರಿದ್ದರೆ ಅಷ್ಟೇ ಸಾಕು.

ಸರ್ವೆ ಮಾಡುವವರ ಬಗ್ಗೆ ನನಗೂ ಒಂದು ಪೆಟ್ಟು ಬಿದ್ದಿದೆ. ಕೆಲವು ವರ್ಷದ ಹಿಂದೆ ಒಂದು ಸಂಸ್ಥೆಗೆ ಲೆಕ್ಕ ಮಾಡಿಕೊಡುವಾಗ ಒಬ್ಬ ಹುಡುಗ ತಂದ ಅರವತ್ತು ಫಾರಂ ಬಹಳ ಚೊಕ್ಕಟವಾಗಿದ್ದವು. ಮೂರಕ್ಕೊಂದು 'ಗೊತ್ತು', ತಪ್ಪದೆ. ಎರಡು 'ಗೊತ್ತು' ಒಟ್ಟೊಟ್ಟಿಗೆ ಬಂದದ್ದು ಒಂದು ಸಲವೂ ಇಲ್ಲ. ನಿಜವಾದ ಜನ ಹಾಗೆ ಸಾಲು ಹಿಡಿದು ಬರುವುದಿಲ್ಲ. ಆಮೇಲೆ ತಿಳಿಯಿತು, ಗಾಂಧಿ ಚೌಕದ ಹತ್ತಿರ ಚಹಾ ಅಂಗಡಿಯಲ್ಲಿ ಕೂತು ಎರಡು ತಾಸಿನಲ್ಲಿ ಬರೆದಿದ್ದ. ನಾನು ಅದಾಗಲೇ ವರದಿ ಅರ್ಧ ಬರೆದಿದ್ದೆ. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಬಂಗಾಳದ ಸೆಣಬಿನ ಬೆಳೆ ಸರ್ವೆಯಲ್ಲಿ ಇದಕ್ಕೆ ಒಂದು ಉಪಾಯ ಮಾಡಿದ್ದರು. ಒಂದೇ ಪ್ರದೇಶಕ್ಕೆ ಎರಡು ಬೇರೆ ತಂಡ, ಒಬ್ಬರದು ಒಬ್ಬರಿಗೆ ಗೊತ್ತಾಗದ ಹಾಗೆ. ಎರಡರ ಅಂಕಿ ತೀರಾ ದೂರ ಇದ್ದರೆ ಗೋಲ್‌ಮಾಲ್ ಇದೆ ಎಂದು ಅರ್ಥ. ನಿಮಗೂ ಇದು ಆಗುತ್ತದೆ, ಖರ್ಚೂ ಇಲ್ಲ. ನವನಗರದ ಸೆಕ್ಟರುಗಳನ್ನು ಹಂಚುವಾಗ ಪ್ರತಿ ಸೆಕ್ಟರಿಗೂ ಎರಡೂ ತಂಡದ ಹುಡುಗರು ಅರ್ಧರ್ಧ ಹೋಗಲಿ.

ಹಾಗಾದರೆ ಅದೇ 200 ಜನರ ಹತ್ತಿರ ಮತ್ತೆ ಹೋಗಿದ್ದರೆ? ಈ ಪ್ರಶ್ನೆ ನಿಮ್ಮ ತಂಗಿಯ ಮಗ ಖಂಡಿತ ಕೇಳುತ್ತಾನೆ. ಉತ್ತರ ಸ್ವಾರಸ್ಯವಾಗಿದೆ. ಅಂಕಿ ಅದೇ 50, ಅದೇ 66 ಇರಲಿ, ಆದರೆ ಜನ ಒಬ್ಬರೇ. ಮೊದಲು ಗೊತ್ತಿಲ್ಲ ಎಂದ 150ರಲ್ಲಿ 30 ಜನ ಈಗ ಗೊತ್ತು ಎಂದರು. ಮೊದಲು ಗೊತ್ತು ಎಂದ 50ರಲ್ಲಿ 14 ಜನ ಮರೆತರು. ಮಾತು ಬದಲಿಸದವರಿಂದ ನಮಗೆ ಏನೂ ತಿಳಿಯುವುದಿಲ್ಲ, ಅವರನ್ನು ಬಿಡಿ. ಬದಲಿಸಿದವರು 44. ಜಾಹೀರಾತಿಗೆ ಶಕ್ತಿ ಇಲ್ಲದಿದ್ದರೆ ಆ ಕಡೆ ಹೋದವರೂ ಈ ಕಡೆ ಬಂದವರೂ ಹೆಚ್ಚುಕಡಿಮೆ ಸಮ ಇರಬೇಕು, ನಾಣ್ಯ ಚಿಮ್ಮಿದ ಹಾಗೆ. 44 ಸಲ ಚಿಮ್ಮಿದರೆ 30-14 ಇಷ್ಟು ಓರೆ ಬರುವುದು ನೂರಕ್ಕೆ ಸುಮಾರು 2 ಸಲ, ಎರಡೂ ಕಡೆ ನೋಡಿದರೂ. ಇದನ್ನು ಕ್ವಿನ್ ಮೆಕ್‌ನೆಮಾರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1947ರಲ್ಲಿ ತೋರಿಸಿಕೊಟ್ಟರು. ಅದೇ 25, ಅದೇ 33. ಕೇಳಿದ ರೀತಿ ಬೇರೆಯಾದ್ದರಿಂದ ಸಾಕ್ಷಿಯ ತೂಕವೇ ಬೇರೆಯಾಯಿತು.

ಆಸೆ ಬರುತ್ತದೆ, ಅಲ್ವಾ? ಆದರೆ ಇಲ್ಲಿ ಒಂದು ಮುಳ್ಳಿದೆ. ಮನೆ ಬಾಗಿಲಿಗೆ ಬಂದು 'ಈ ಹೆಸರು ಕೇಳೀರೇನು?' ಎಂದು ಕೇಳುವುದೇ ಒಂದು ಜಾಹೀರಾತು. ಬಸ್ಸಿನ ಬೋರ್ಡಿಗಿಂತ ಗಟ್ಟಿಯಾದದ್ದು. ಫೆಬ್ರುವರಿಯಲ್ಲಿ ಅವರಿಗೆ ನಿಮ್ಮ ಹೆಸರು ಗೊತ್ತಿದ್ದರೆ ಅದು ನಿಮ್ಮ ಹುಡುಗರು ಹೇಳಿದ್ದರಿಂದಲೇ ಇರಬಹುದು. ಗುರುತಿನ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ನೀವು ಬೇರೆ ಜನರನ್ನು ಕೇಳಿದ್ದೇ ಒಳ್ಳೆಯದಾಯಿತು.

ಏಜೆನ್ಸಿಯವರು ಇನ್ನೊಂದು ಪಟ್ಟಿ ತಂದು 'ಹದಿನೆಂಟರಿಂದ ಮೂವತ್ತರ ಹೆಣ್ಣುಮಕ್ಕಳಲ್ಲಿ ಮಾತ್ರ ನೋಡಿ, ಪಿ-ವ್ಯಾಲ್ಯೂ 0.02' ಎನ್ನಬಹುದು. ಏನೂ ಪರಿಣಾಮ ಇಲ್ಲದಿದ್ದರೂ, ಇಪ್ಪತ್ತು ಬೇರೆ ಬೇರೆ ಗುಂಪು ಮಾಡಿ ನೋಡಿದರೆ ಒಂದರಲ್ಲಾದರೂ 5ರ ಗೆರೆ ದಾಟುವ ಸಂಭವ ಶೇ. 64. ಎಷ್ಟು ಗುಂಪು ನೋಡಿದಿರಿ ಎಂದಷ್ಟೇ ಕೇಳಿ.

ಈಗ ಮುಂದೇನು? ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮುಧೋಳದ ಕಡೆ ಕಬ್ಬಿನವರು ಹೊಸ ಗೊಬ್ಬರ ಬಂದರೆ ಇಡೀ ಹೊಲಕ್ಕೆ ಸುರಿಯುವುದಿಲ್ಲ. ಒಂದು ಪಟ್ಟಿಗೆ ಹಾಕುತ್ತಾರೆ, ಪಕ್ಕದ ಪಟ್ಟಿ ಬಿಡುತ್ತಾರೆ. ಮಳೆ ಇಬ್ಬರಿಗೂ ಒಂದೇ, ಬಿಸಿಲೂ ಒಂದೇ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಸಿ ಗೊಬ್ಬರದ ಗುಣ ಹೇಳುವವನನ್ನು ನೋಡಿ ನಗುತ್ತಾರೆ. ನೀವು ಮಾಡಿದ್ದು ಅದೇ. ಬಿಟ್ಟ ಪಟ್ಟಿ ಇಲ್ಲ.

ಬಿಟ್ಟ ಪಟ್ಟಿ ಅಂದರೆ ನಿಮಗೆ ಜಾಹೀರಾತು ಇಲ್ಲದ ಊರು. ವಿಜಯಪುರದಲ್ಲೂ ಅದೇ ತಿಂಗಳು ಸರ್ವೆ ಮಾಡಿಸಿದ್ದಿರಿ ಎನ್ನಿ. ಅಲ್ಲಿ ಒಂದು ರೂಪಾಯಿ ಜಾಹೀರಾತು ಇಲ್ಲದೆ 20ರಿಂದ 25ಕ್ಕೆ ಏರಿದ್ದರೆ? ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬರುತ್ತದೆ, ಮದುವೆ ಸೀಜನ್ ಬರುತ್ತದೆ, ಜನ ಓಡಾಡುತ್ತಾರೆ. ಆಗ ಬಾಗಲಕೋಟೆಯ 8ರಲ್ಲಿ 5 ಕಳೆಯಬೇಕು. ಉಳಿಯುವುದು 3. ನಾಲ್ಕು ಸರ್ವೆಯ ಏರುಪೇರು ಸೇರಿದರೆ ಜೆಡ್ ಬರೀ 0.49. ಇದು ಉದಾಹರಣೆಗೆ ಹೇಳಿದ ಅಂಕಿ, ಆದರೆ ಕಥೆ ಎಷ್ಟು ಬೇಗ ತಿರುಗುತ್ತದೆ ನೋಡಿ.

ಒಂದು ಊರಿಗೆ ಒಂದು ಊರು ಸಾಲದು. ಆ ಊರಲ್ಲೇ ಬೇರೇನೋ ಆಗಿರಬಹುದು. ನಿಮ್ಮ ಜಿಲ್ಲೆಯಲ್ಲೇ ಎಂಟು ಊರು ಆರಿಸಿ: ಬಾದಾಮಿ, ಗುಳೇದಗುಡ್ಡ, ಹುನಗುಂದ, ಇಳಕಲ್, ಬೀಳಗಿ, ಮುಧೋಳ, ಜಮಖಂಡಿ, ಮಹಾಲಿಂಗಪುರ. ಎಂಟು ಚೀಟಿ ಬರೆದು ಮಕ್ಕಳ ಕೈಯಿಂದ ನಾಲ್ಕು ಎತ್ತಿಸಿ. ಆ ನಾಲ್ಕಕ್ಕೆ ಮಾತ್ರ ಜಾಹೀರಾತು. ನೀವೂ ಆರಿಸಬೇಡಿ, ಏಜೆನ್ಸಿಗೂ ಬಿಡಬೇಡಿ, ಅವರು ಚೆನ್ನಾಗಿ ಓಡುವ ಊರನ್ನೇ ಎತ್ತುತ್ತಾರೆ. ಎಂಟೂ ಊರಲ್ಲಿ ಮೊದಲು ನೂರು ಜನ, ಆಮೇಲೆ ಬೇರೆ ನೂರು ಜನ, ಒಂದೇ ಪ್ರಶ್ನೆ. ಎಂಟರಲ್ಲಿ ನಾಲ್ಕನ್ನು ಎತ್ತಲು 70 ಬಗೆ ಇವೆ. ಜಾಹೀರಾತಿಗೆ ಶಕ್ತಿಯೇ ಇಲ್ಲದಿದ್ದೂ, ಅದು ಬಿದ್ದ ನಾಲ್ಕು ಊರೇ ಏರಿಕೆಯಲ್ಲಿ ಮೊದಲ ನಾಲ್ಕು ಸ್ಥಾನ ಹಿಡಿಯುವುದು 70ಕ್ಕೆ ಒಂದು ಸಲ. ಸೂತ್ರ ಬೇಡ, ಟೇಬಲ್ ಬೇಡ. ಫಿಶರ್ ಅವರೇ ಒಮ್ಮೆ ಎಂಟು ಕಪ್ ಚಹಾ ಇಟ್ಟು, ನಾಲ್ಕರಲ್ಲಿ ಹಾಲು ಮೊದಲು, ನಾಲ್ಕರಲ್ಲಿ ಚಹಾ ಮೊದಲು ಹಾಕಿಸಿ, ರುಚಿಯಲ್ಲೇ ಗುರುತಿಸುತ್ತೇನೆ ಎಂದ ಮಹಿಳೆಯನ್ನು ಪರೀಕ್ಷೆ ಮಾಡುವುದು ಹೇಗೆಂದು ತೋರಿಸಿದ್ದು ಇದೇ 70ರ ಲೆಕ್ಕದಿಂದ. ಹೊಲದ ಪಟ್ಟಿಗಳ ಪ್ರಯೋಗ ನಡೆಯುತ್ತಿದ್ದ ರೋಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರದಲ್ಲಿ ಅವರು ಕೆಲಸ ಮಾಡುತ್ತಿದ್ದರು. ಕಬ್ಬಿನವರ ಬುದ್ಧಿಗೂ ಅವರ ಬುದ್ಧಿಗೂ ಅಷ್ಟೇನೂ ದೂರ ಇಲ್ಲ.

ಒಂದು ಎಚ್ಚರ. ಈ ಪ್ರಯೋಗಕ್ಕೆ ಬಸ್ಸಿನ ಬೋರ್ಡು ಆಗುವುದಿಲ್ಲ. ಬಸ್ಸು ಇಳಕಲ್ಲಿನಲ್ಲೇ ನಿಂತಿರುವುದಿಲ್ಲ, ಬೋರ್ಡು ಹೊತ್ತುಕೊಂಡು ಹುನಗುಂದಕ್ಕೂ ಹೋಗುತ್ತದೆ. ಬಿಟ್ಟ ಪಟ್ಟಿಗೂ ಗೊಬ್ಬರ ಬಿದ್ದ ಹಾಗೆ. ಗೋಡೆ ಬರಹ, ಊರೊಳಗಿನ ಕೇಬಲ್, ಆಟೋ ಮೈಕು ಇವಿಷ್ಟೇ ಇಟ್ಟುಕೊಳ್ಳಿ. ಎಂಟು ಊರಿಗೆ ಹರಡುವ ಒಂದು ಲಕ್ಷದಲ್ಲಿ ನಾಲ್ಕು ಊರಿನ ಪಾಲನ್ನು ಮಾತ್ರ ಹಾಕಿದರೆ ಅರ್ಧ ಹಣ ಕೈಯಲ್ಲೇ ಉಳಿಯುತ್ತದೆ, ಅದರಲ್ಲಿ ಹುಡುಗರ ಚಹಾ-ಬಸ್ ಖರ್ಚು ಹೊರಡುತ್ತದೆ. ಏಜೆನ್ಸಿಯವರು ಇದಕ್ಕೆ ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಅದೂ ಒಂದು ಮಾಹಿತಿಯೇ.

ಅದಕ್ಕೆ ಮುಂಚೆ ಈ ವಾರವೇ ಒಂದು ಕೆಲಸ ಮಾಡಿ. ಫೋಟೊ ಎಷ್ಟು ಕೆಡಿಸಿದೆ ಎಂದು ಇನ್ನೂ ಅಳೆಯಬಹುದು. ನವನಗರ, ವಿದ್ಯಾಗಿರಿಯಲ್ಲಿ ಹೊಸದಾಗಿ 400 ಜನರನ್ನು ಕೇಳಿಸಿ. ಪ್ರತಿಯೊಬ್ಬರ ಮುಂದೆ ಹುಡುಗ ನಾಣ್ಯ ಚಿಮ್ಮಬೇಕು. ರಾಜ ಬಿದ್ದರೆ ಫೋಟೊ ತೋರಿಸಿ ಕೇಳುವುದು, ಇಲ್ಲದಿದ್ದರೆ ಬರೀ ಹೆಸರು ಓದಿ ಕೇಳುವುದು. ಆ ಸುಳ್ಳು ಹೆಸರೂ ಪಟ್ಟಿಯಲ್ಲಿರಲಿ. ಬರೀ ಹೆಸರಿಗೆ 25ರ ಆಸುಪಾಸು, ಫೋಟೊಗೆ 33ರ ಆಸುಪಾಸು ಬಂದರೆ ಏಜೆನ್ಸಿಯ ಶೇ. 32 ಎಲ್ಲಿಂದ ಬಂತು ಎಂದು ತಿಳಿಯಿತು. ಎರಡರಲ್ಲೂ 33ರ ಹತ್ತಿರ ಬಂದರೆ ನಾನು ಫೋಟೊ ಮೇಲೆ ಹೊರಿಸಿದ ಆರೋಪ ವಾಪಸ್ ತೆಗೆದುಕೊಳ್ಳುತ್ತೇನೆ, ಜಾತ್ರೆಯ ಪ್ರಶ್ನೆ ಮಾತ್ರ ಉಳಿಯುತ್ತದೆ. ನವೆಂಬರಿನ ಫಾರಂಗಳನ್ನು ರದ್ದಿಗೆ ಹಾಕಬೇಡಿ, ಯಾವ ಹೆಸರು ಯಾವ ಕ್ರಮದಲ್ಲಿ ಓದಿದ್ದರು ಎಂಬುದು ಅದರಲ್ಲೇ ಇದೆ.

ನೀವು ಪತ್ರದ ಜೊತೆ ಕಳಿಸಿದ ಗುರೆಳ್ಳು ಪುಡಿ ಮುಟ್ಟಿತು. ಖಾರ ಸ್ವಲ್ಪ ಜಾಸ್ತಿ, ಆದರೆ ಖಾಲಿ ಆಗಿದೆ. ಮನೆಯವರೆಲ್ಲ ಪ್ಯಾಕೆಟ್ ಮೇಲಿನ ಹೆಸರು ಓದಿಬಿಟ್ಟಿದ್ದಾರೆ. ವಿಜಯಪುರದಲ್ಲಿ ಎಂದಾದರೂ ಸರ್ವೆ ಮಾಡಿಸಿದರೆ ನಮ್ಮ ಓಣಿ ಬಿಟ್ಟು ಮಾಡಿಸಿ.